ಹತ್ತನೆಯ ರುಜು

ನನ್ನ ಅಕ್ಕನಿಗೆ ಊರು ಇಟ್ಟ ಹೆಸರು ಮೀಟರಕ್ಕ. ಹೆತ್ತವರು ಇಟ್ಟ ಹೆಸರೂ ಒಂದಿತ್ತು, ಆದರೆ ಅದು ಮತದಾರರ ಪಟ್ಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ಇಪ್ಪತ್ತೆರಡು ವರ್ಷ ಅವಳು ನೀರು ಮಂಡಳಿಯಲ್ಲಿ ಮನೆಮನೆಯ ಮೀಟರ್ ಓದುವ ಕೆಲಸ ಮಾಡಿದಳು. ಬೆಳಿಗ್ಗೆ ಏಳಕ್ಕೆ ಹೊರಟರೆ ಕೈಯಲ್ಲಿ ಕಬ್ಬಿಣದ ಕೊಕ್ಕೆ, ಚೀಲದಲ್ಲಿ ಟಾರ್ಚು ಮತ್ತು ಗಾಜು ಒರೆಸುವ ಹಳೇ ಬಟ್ಟೆ, ಎದೆಗೆ ಅವಚಿಕೊಂಡ ರಟ್ಟಿನ ಪ್ಯಾಡು, ಅದಕ್ಕೆ ದಾರದಲ್ಲಿ ಕಟ್ಟಿದ ಪೆನ್ನು. ಕೊಕ್ಕೆ ಹಾಕಿ ಮುಚ್ಚಳ ಎತ್ತಬೇಕು, ಮಂಡಿಯೂರಿ ಜೇಡರ ಬಲೆ ಸರಿಸಬೇಕು, ಗಾಜು ಒರೆಸಿ ಅಂಕಿಗಳನ್ನು ಗಟ್ಟಿಯಾಗಿ ಓದಿ ಬರೆಯಬೇಕು. ಬರೆದದ್ದನ್ನು ಮನೆಯವರು ನೋಡಿದ್ದಾರೆ ಎನ್ನುವುದಕ್ಕೆ ಅವರ ರುಜು ಬೇಕು. ಅವಳು ಪ್ಯಾಡು ಮುಂದೆ ಹಿಡಿಯುತ್ತಿದ್ದಳು. ಒಲೆಯ ಮೇಲೆ ಹಾಲಿಟ್ಟು ಬಂದವರು, ಅರ್ಧ ಬೋಳಿಸಿದ ಕೆನ್ನೆ ಹೊತ್ತು ಬಂದವರು ಅದರ ಮೇಲೆ ಒಂದು ಗೀಟು ಗೀಚಿ ಓಡುತ್ತಿದ್ದರು.

ಆ ಗೀಟುಗಳು ಯಾರ ಪೂರ್ತಿ ರುಜುವೂ ಅಲ್ಲ. ಕ್ಷೌರದ ಅಂಗಡಿಯವನದು ಕೊಡೆಯ ಹಿಡಿಯಂತೆ ಬಾಗಿದ ಒಂದು ಗೆರೆ. ನಿವೃತ್ತ ಮುಖ್ಯೋಪಾಧ್ಯಾಯಿನಿಯದು ಎರಡು ಸುತ್ತು, ಒಂದು ಚುಕ್ಕಿ. ಬ್ಯಾಂಕಿಗೆ ಹೋದರೆ ಅವರೆಲ್ಲ ಹೆಸರನ್ನು ಪೂರ್ತಿ ಬರೆಯುತ್ತಿದ್ದರು. ಮೀಟರಕ್ಕನ ಪ್ಯಾಡಿಗೆ ಮಾತ್ರ ಈ ಗೀಟು. ಇಪ್ಪತ್ತೆರಡು ವರ್ಷ ಅದನ್ನೇ ನೋಡಿ ನೋಡಿ, ಅವಳ ಪಾಲಿಗೆ ಅದೇ ಅವರ ರುಜುವಾಗಿಬಿಟ್ಟಿತ್ತು. ಈ ಕಥೆಯ ಕಷ್ಟವೆಲ್ಲ ಶುರುವಾಗುವುದು ಅಲ್ಲಿಂದಲೇ.

ಅವಳ ಗುಣವನ್ನು ಇಲ್ಲೇ ಹೇಳಿಬಿಡುತ್ತೇನೆ. ಅಂಕಿಯ ವಿಷಯದಲ್ಲಿ ಅವಳು ಯಾರಿಗೂ ಸೊಪ್ಪು ಹಾಕಿದವಳಲ್ಲ. ನನ್ನ ಮಾವನ ಮನೆಯಲ್ಲೊಮ್ಮೆ ಪೈಪು ಒಡೆದು ಮೀಟರು ಓಡಿಬಿಟ್ಟಿತ್ತು. ಹೆಣ್ಣು ಕೊಟ್ಟ ಮನೆಯವರು, ಒಂದು ಅಂಕಿ ಕಡಿಮೆ ಬರೆದರೆ ಏನು ಕೊಳ್ಳೆ ಹೋಗುತ್ತಿತ್ತು? ಬರೆಯಲಿಲ್ಲ. ನನ್ನ ಹೆಂಡತಿ ಒಂದು ತಿಂಗಳು ಅವಳೊಂದಿಗೆ ಮಾತು ಬಿಟ್ಟಳು. ಅಕ್ಕ ಅದನ್ನು ಗಮನಿಸಿದಳೋ ಇಲ್ಲವೋ ನನಗೆ ಇವತ್ತಿಗೂ ಅನುಮಾನ.

ಮದುವೆಯಾಗದ ಅಕ್ಕ, ನಾನು, ನನ್ನ ಹೆಂಡತಿ ಮೂವರೂ ನೀರು ಮಂಡಳಿಯ ಕ್ವಾರ್ಟರ್ಸಿನಲ್ಲಿದ್ದೆವು. ಎರಡು ಕೋಣೆ, ಒಂದು ಅಡುಗೆಮನೆ. ಕಿಟಕಿ ತೆರೆದರೆ ಪಂಪ್‌ಹೌಸಿನ ಗೋಡೆ. ನಾನು ಅಲ್ಲಿ ಪಂಪ್ ಆಪರೇಟರ್. ಹದಿನೈದು ವರ್ಷದಿಂದ ಕೆಲಸ ಮಾಡುತ್ತಿದ್ದರೂ ಇನ್ನೂ ತಾತ್ಕಾಲಿಕ ನೌಕರ. ಕಾಯಂ ಆಗುವ ಆದೇಶ ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ಕಾಯುತ್ತಾ ಕೂದಲು ಬೆಳ್ಳಗಾಗುತ್ತಿತ್ತು.

ಆಗ ನಮ್ಮಲ್ಲಿ ಇದ್ದದ್ದು ಒಂದೇ ಪಕ್ಷ. ಇನ್ನೊಂದು ಕಟ್ಟಬಾರದು ಎಂದು ಕಾನೂನೇನೂ ಇರಲಿಲ್ಲ. ಪುಸ್ತಕ ತೆರೆದು ನೋಡಿದರೆ ಎಲ್ಲದಕ್ಕೂ ಅವಕಾಶವಿತ್ತು, ಆದರೆ ತೆರೆದು ನೋಡುವವರಿರಲಿಲ್ಲ. ನಾವು ಅದನ್ನು ಬರೀ ‘ಪಕ್ಷ’ ಎನ್ನುತ್ತಿದ್ದೆವು. ಒಂದೇ ಇರುವಾಗ ಹೆಸರು ಯಾಕೆ ಬೇಕು? ನಮ್ಮ ವಾರ್ಡಿನಿಂದ ನಗರಸಭೆಗೆ ಆರು ಸಲ ಒಬ್ಬರೇ ಅವಿರೋಧವಾಗಿ ಆಯ್ಕೆಯಾಗಿದ್ದರು. ನಗರಸಭೆಯ ಅಧ್ಯಕ್ಷರೂ ಅವರೇ, ನೀರು ಮಂಡಳಿಯ ಮೇಲ್ವಿಚಾರಣೆಯೂ ಅವರದೇ, ಊರಾಚೆಯ ಐಸ್ ಫ್ಯಾಕ್ಟರಿಯೂ ಅವರದೇ. ನಲವತ್ತು ದಾಟಿದ ನಾನು ನಗರಸಭೆಗೆ ಒಂದು ಸಲವೂ ಮತ ಹಾಕಿರಲಿಲ್ಲ. ಎದುರಿಗೆ ಯಾರೂ ನಿಲ್ಲದಿದ್ದರೆ ಮತಗಟ್ಟೆ ಯಾಕೆ ತೆರೆಯುತ್ತಾರೆ?

ಆ ಐಸ್ ಫ್ಯಾಕ್ಟರಿಯ ಮೀಟರಿನಿಂದ ಅಕ್ಕನ ನೌಕರಿ ಹೋಯಿತು. ಅಲ್ಲಿಯ ಓದುಗಾರ ಕಾಯಿಲೆ ಬಿದ್ದಾಗ ಒಂದು ತಿಂಗಳು ಇವಳನ್ನು ಕಳಿಸಿದರು. ಯಾರು ಕಳಿಸಿದರೋ ಅವರಿಗೆ ಬುದ್ಧಿ ಇರಲಿಲ್ಲ. ಹೋಗಿ ನೋಡಿದರೆ ಒಳಗೆ ದೊಡ್ಡ ತೊಟ್ಟಿ ತುಂಬಿ ಚೆಲ್ಲುತ್ತಿದೆ, ಮೀಟರಿನ ಮುಳ್ಳು ಮಾತ್ರ ಅಲ್ಲಾಡುತ್ತಿಲ್ಲ. ಅಕ್ಕ ಪುಸ್ತಕದಲ್ಲಿ ಬರೆದದ್ದು ಇಷ್ಟೇ: ‘ನೀರು ಹರಿಯುತ್ತಿದೆ. ಮೀಟರ್ ತಿರುಗುತ್ತಿಲ್ಲ.’ ಆ ಪುಟ ಹರಿದು ಬೇರೆ ಬರೆಯಲು ಹೇಳಿದರು, ಜಗ್ಗಲಿಲ್ಲ. ಮೂರು ತಿಂಗಳು ಉಗ್ರಾಣದಲ್ಲಿ ತುಕ್ಕು ಹಿಡಿದ ನಲ್ಲಿಗಳ ನಡುವೆ ಕೂರಿಸಿದರು, ಆಗಲೂ ಜಗ್ಗಲಿಲ್ಲ. ಕೊನೆಗೆ ಮನೆಗೆ ಕಳಿಸಿದರು.

ಮನೆಗೆ ಬಂದವಳು ಎರಡು ವಾರ ಸುಮ್ಮನಿದ್ದಳು. ಮೂರನೆಯ ವಾರ ಊಟದ ಮಧ್ಯೆ, ಉಪ್ಪು ಕೇಳುವಷ್ಟು ಸಲೀಸಾಗಿ ಹೇಳಿದಳು.

“ಈ ಸಲ ನಗರಸಭೆಗೆ ನಾನು ನಿಲ್ತೀನಿ.”

ನನ್ನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಹೆಂಡತಿ ಮೊದಲು ಬಾಗಿಲ ಕಡೆ ನೋಡಿದಳು, ಯಾರಾದರೂ ಕೇಳಿಸಿಕೊಂಡರೇನೋ ಎಂದು.

“ಅತ್ತಿಗೆ, ನಿಮಗೆ ತಲೆ ನೆಟ್ಟಗಿದೆಯಾ? ಈ ಮನೆ ಮಂಡಳಿದು. ಇವರ ಕೆಲಸ ಮಂಡಳಿದು. ನಾವು ಕುಡಿಯೋ ನೀರೂ ಮಂಡಳಿದು.”

“ಅದಕ್ಕೇ ನಿಲ್ತೀನಿ ಅಂದಿದ್ದು,” ಅಂದಳು ಅಕ್ಕ.

ನಾಮಪತ್ರಕ್ಕೆ ವಾರ್ಡಿನ ಹತ್ತು ಮಂದಿ ಮತದಾರರು ಸೂಚಕರಾಗಿ ರುಜು ಹಾಕಬೇಕಿತ್ತು. ಒಂಬತ್ತು ಮಂದಿಯಾದರೆ ನಾಮಪತ್ರ ಕಸದ ಬುಟ್ಟಿಗೆ. ಅಕ್ಕ ಅದೇ ಹಳೇ ಪ್ಯಾಡಿಗೆ ನಮೂನೆಯನ್ನು ಸಿಕ್ಕಿಸಿಕೊಂಡು ಹೊರಟಳು. ಜನ ಬಾಗಿಲು ತೆರೆದವರು ಅವಳ ಮುಖ ನೋಡಿ, ವಿಷಯ ಕೇಳಿ, ಅರ್ಧ ಬಾಗಿಲು ಮುಚ್ಚಿ ಮಾತಾಡುತ್ತಿದ್ದರು. ಕೆಲವರು ಕೈ ಮುಗಿದರು. ಒಬ್ಬರು ಜ್ವರ ಎಂದರು. ಆದರೂ ಐದು ದಿನದಲ್ಲಿ ಒಂಬತ್ತು ಜನ ಒಪ್ಪಿದರು: ಮುಖ್ಯೋಪಾಧ್ಯಾಯಿನಿ, ಕ್ಷೌರದವನು, ಬೇಕರಿಯವನು, ವೆಲ್ಡಿಂಗ್ ಅಂಗಡಿಯವನು, ಹೊಲಿಗೆಯ ಅಕ್ಕತಂಗಿಯರು, ಇನ್ನು ಮೂವರು. ಅವಳು ಪ್ಯಾಡು ಮುಂದೆ ಹಿಡಿದಳು. ಅವರ ಕೈ ತನ್ನ ಪಾಡಿಗೆ ತಾನು ಹಳೇ ಗೀಟು ಗೀಚಿತು. ಹಾಕಿದವರಿಗೂ ಹೊಳೆಯಲಿಲ್ಲ, ಹಾಕಿಸಿಕೊಂಡವಳಿಗೂ ಹೊಳೆಯಲಿಲ್ಲ.

ಹತ್ತನೆಯವರು ಸಿಗಲಿಲ್ಲ. ನಾಮಪತ್ರ ಸಲ್ಲಿಸುವ ಕೊನೆಯ ದಿನ ಬೆಳಿಗ್ಗೆ ನಾನು ಕನ್ನಡಿಯ ಮುಂದೆ ನಿಂತು ಗಡ್ಡ ಹೆರೆಯುತ್ತಿದ್ದೆ. ಪಕ್ಕದಲ್ಲಿ ಪ್ಯಾಡು ಬಂತು.

“ನಿನ್ನದೊಂದು ಬೇಕು ಕಣೋ.”

ಕನ್ನಡಿಯಲ್ಲಿ ಅವಳ ಮುಖ ನೋಡಿದೆ. ಇಲ್ಲ ಎನ್ನಲು ಬಾಯಿ ಬರಲಿಲ್ಲ. ಹೂಂ ಎನ್ನಲು ಧೈರ್ಯ ಬರಲಿಲ್ಲ. ಕ್ವಾರ್ಟರ್ಸಿಗೆ ಮೀಟರ್ ಇಲ್ಲ, ಹಾಗಾಗಿ ಅವಳ ಪ್ಯಾಡಿಗೆ ನಾನು ಎಂದೂ ಗೀಟು ಹಾಕಿದವನಲ್ಲ. ಪೆನ್ನು ಹಿಡಿದು, ನನ್ನದಲ್ಲದ, ಯಾರದೂ ಅಲ್ಲದ ಒಂದು ಗೀಚನ್ನು ಆ ಕ್ಷಣಕ್ಕೆ ಹುಟ್ಟಿಸಿ ಹಾಕಿದೆ. ನಾಳೆ ಅಧ್ಯಕ್ಷರ ಕಡೆಯವರು ಕೇಳಿದರೆ, ಇದು ನನ್ನ ರುಜು ಅಲ್ಲ, ನನಗೇನೂ ಗೊತ್ತಿಲ್ಲ ಎಂದು ಕೈ ತೊಳೆದುಕೊಳ್ಳಬಹುದು. ಅಷ್ಟೇ ನನ್ನ ಲೆಕ್ಕಾಚಾರ. ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತಿದೆ, ಆಗ ಜಾಣತನ ಅನಿಸಿತ್ತು.

“ಇದೇನೋ ಇದು?” ಅಂದಳು.

“ಪಂಪಿನ ಪುಸ್ತಕದಲ್ಲಿ ಹೀಗೇ ಹಾಕೋದು,” ಎಂದೆ. ಅವಳು ನಂಬಿದಳು, ಯಾಕೆಂದರೆ ನಾನು ಅವಳ ತಮ್ಮ.

ಪರಿಶೀಲನೆಯ ದಿನ ನನ್ನದು ಬೆಳಿಗ್ಗೆ ಆರರಿಂದ ಮಧ್ಯಾಹ್ನ ಎರಡರವರೆಗೆ ಪಾಳಿ. ನಗರಸಭೆ ಕಚೇರಿಯಲ್ಲಿ ನಡೆದದ್ದು ನನಗೆ ಆಮೇಲೆ ಗೊತ್ತಾಯಿತು. ಹನ್ನೊಂದಕ್ಕೆ ಚುನಾವಣಾಧಿಕಾರಿ ಕಡತ ತೆರೆದಿದ್ದಾರೆ. ಅಧ್ಯಕ್ಷರ ವಕೀಲ ಎದ್ದು ನಿಂತು, ಹತ್ತೂ ರುಜು ಕಳ್ಳ ರುಜು, ಮತದಾರರ ದಾಖಲೆಯ ರುಜುವಿಗೆ ಒಂದೂ ಹೊಂದುವುದಿಲ್ಲ ಎಂದಿದ್ದಾನೆ. ಹೋಲಿಸಿ ನೋಡಿದರೆ ನಿಜವೇ. ಅಲ್ಲಿ ಪೂರ್ತಿ ಹೆಸರು, ಇಲ್ಲಿ ಗೀಟು. ಅಕ್ಕನಿಗೆ ಆಗ ಹೊಳೆಯಿತಂತೆ, ತಾನು ಮಾಡಿಕೊಂಡ ಎಡವಟ್ಟು ಎಂಥದ್ದು ಎಂದು.

ಆ ಅಧಿಕಾರಿ ಅಲ್ಲೇ ತಿರಸ್ಕರಿಸಿಬಿಡಬಹುದಿತ್ತು. ಅಧ್ಯಕ್ಷರು ಕಾಯುತ್ತಿದ್ದದ್ದೂ ಅದಕ್ಕೇ. ಆದರೆ ಆ ಮನುಷ್ಯ ಕನ್ನಡಕ ತೆಗೆದು ಒರೆಸಿ, ನಿಯಮದ ಪುಸ್ತಕ ತಿರುವಿ, ಮೂರು ಗಂಟೆಯವರೆಗೆ ಅವಕಾಶ ಕೊಟ್ಟರು. ಹತ್ತು ಜನರೂ ಖುದ್ದಾಗಿ ಬರಬೇಕು. ನಾಮಪತ್ರವನ್ನು ನೋಡದೆ, ಬೇರೆ ಹಾಳೆಯಲ್ಲಿ ಅದೇ ಗೀಟು ಹಾಕಿ ತೋರಿಸಬೇಕು, ಕೆಳಗೆ ಪೂರ್ತಿ ರುಜು ಹಾಕಬೇಕು. ಎರಡೂ ಹೊಂದಿದರೆ ನಾಮಪತ್ರ ಸಿಂಧು. ಒಬ್ಬರು ತಪ್ಪಿದರೂ ಇಲ್ಲ.

ಪಂಪ್‌ಹೌಸಿಗೆ ಮೊದಲು ಬಂದ ಸುದ್ದಿ ಅಕ್ಕನದಲ್ಲ. ಹನ್ನೆರಡೂವರೆಗೆ ನಮ್ಮ ಎಂಜಿನಿಯರ್ ಬಂದರು. ಎಂದೂ ಒಳಗೆ ಕಾಲಿಡದವರು ಅಂದು ಸ್ಟೂಲು ಎಳೆದುಕೊಂಡು ಕುಳಿತರು. ಪಂಪಿನ ಸದ್ದಿನಲ್ಲಿ ಗಟ್ಟಿಯಾಗಿ ಮಾತಾಡಬೇಕಾಗುತ್ತಿತ್ತು, ಗುಟ್ಟಿನ ಮಾತನ್ನು ಕೂಗಿ ಹೇಳುವುದು ಅವರಿಗೆ ಕಷ್ಟವಾಯಿತು.

“ನಿನ್ನ ಕಾಯಂ ಆದೇಶ ನನ್ನ ಟೇಬಲ್ ಮೇಲಿದೆ ಕಣಯ್ಯಾ.”

“ಒಳ್ಳೇದಾಯ್ತು ಸಾರ್.”

“ನಿನ್ನ ಅಕ್ಕನಿಗೆ ರುಜು ಹಾಕಿದ ಹತ್ತೂ ಜನ ಮೂರರೊಳಗೆ ನಗರಸಭೆಗೆ ಖುದ್ದಾಗಿ ಬರ್ಬೇಕಂತೆ. ಎರಡು ಗಂಟೆ ಪಾಳಿಯವನು ಇವತ್ತು ಬರಲ್ಲ. ಆರರವರೆಗೆ ನೀನೇ ಇರ್ಬೇಕು. ಪಂಪ್ ಓಡ್ತಿರುವಾಗ ಬಿಟ್ಟು ಹೋದ್ರೆ ಏನಾಗುತ್ತೆ ಅಂತ ನಿನಗೆ ಹೇಳಬೇಕಾಗಿಲ್ಲ.”

ಹೇಳಬೇಕಾಗಿರಲಿಲ್ಲ. ಗೋಡೆಯ ಮೇಲೆ ಬಣ್ಣದಲ್ಲಿ ಬರೆದಿತ್ತು: ಕರ್ತವ್ಯದ ಸ್ಥಳ ತೊರೆದರೆ ವಜಾ. ಅವರು ಎದ್ದು, ಪ್ಯಾಂಟಿನ ಧೂಳು ಕೊಡವಿ, ಹೊರಗೆ ಹೋಗಿ ಜೀಪು ಹತ್ತಿದರು.

ಒಂದು ಗಂಟೆಯಾಯಿತು. ಒಂದೂವರೆ. ಅಕ್ಕ ಫೋನು ಮಾಡಲಿಲ್ಲ. ಅವಳು ಯಾರನ್ನೂ ಎರಡನೆಯ ಸಲ ಕೇಳುವವಳಲ್ಲ. ಒತ್ತಡದ ಮುಳ್ಳನ್ನೇ ನೋಡುತ್ತಾ ಕುಳಿತೆ. ಮಿಕ್ಕವರು ಬರುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಬೇಕರಿಯವನ ಒಲೆ ಮುಂದೆ ನಾಲ್ಕು ಜನ ಹೋಗಿ ನಿಂತರೆ ಸಾಕು, ಅವನು ಬಾಲ ಮುದುರಿಕೊಳ್ಳುತ್ತಾನೆ. ಎಂಟು ಜನ ಬಂದರೂ ಒಂದೇ, ಐದು ಜನ ಬಂದರೂ ಒಂದೇ. ಯಾರೋ ಒಬ್ಬರು ಬಾರದೇ ಇದ್ದರೆ ನನ್ನ ಮೇಲೆ ತಪ್ಪು ಬರುವುದಿಲ್ಲ. ನನ್ನ ಅಕ್ಕ ಸೋಲಲಿ ಎಂದು ಆ ಒಂದು ಗಂಟೆ ಮನಸಾರೆ ಬಯಸಿದೆ.

ಎರಡೂವರೆಗೆ ಬಾಗಿಲಲ್ಲಿ ಹೆಂಡತಿ ಕಂಡಳು. ಓಡಿ ಬಂದಿದ್ದಳು, ಒಂದು ಕಾಲಿನಲ್ಲಿ ಚಪ್ಪಲಿ ಇರಲಿಲ್ಲ.

“ಒಂಬತ್ತು ಜನ ಬಂದಿದ್ದಾರೆ ರೀ!”

“ಬೇಕರಿಯವನೂ?”

“ಕೈಯೆಲ್ಲಾ ಹಿಟ್ಟು ಮಾಡ್ಕೊಂಡೇ ಬಂದಿದ್ದಾನೆ. ಬರಬೇಡ ಅಂತ ಅಧ್ಯಕ್ಷರ ಕಡೆಯವರು ಮನೆಮನೆಗೂ ಹೋಗಿದ್ರಂತೆ. ಹೋಗಿ ಏನು ಹೇಳಿದ್ದಾರೆ ಗೊತ್ತಾ? ಮೀಟರಕ್ಕ ನಿಮ್ಮ ಹೆಸರಲ್ಲಿ ಕಳ್ಳ ರುಜು ಹಾಕಿದ್ದಾಳೆ ಅಂತ. ಅದಕ್ಕೇ ಈ ಒಂಬತ್ತು ಜನಕ್ಕೂ ಉರಿದುಹೋಗಿದೆ. ಶಾಲೆ ಮೇಡಮ್ಮು ಅಂತೂ ಕೋಲು ಊರ್ಕೊಂಡು ಬಂದು, ‘ಅವಳು ಇಪ್ಪತ್ತೆರಡು ವರ್ಷದಲ್ಲಿ ನನ್ನ ಒಂದು ಬಕೆಟ್ ನೀರು ಸುಳ್ಳು ಬರೆದಿಲ್ಲ, ಈಗ ರುಜು ಕದೀತಾಳಾ’ ಅಂತ ಆ ವಕೀಲನ ಮುಖಕ್ಕೇ ಕೇಳಿದ್ರು.”

ನಾನು ಒತ್ತಡದ ಮುಳ್ಳಿನ ಕಡೆ ತಿರುಗಿದೆ.

“ಒಂಬತ್ತೂ ಹೊಂದಿದೆ. ಅತ್ತಿಗೆ ಬಾಗಿಲು ನೋಡ್ತಾ ಕೂತಿದ್ದಾರೆ. ನೀವೊಬ್ರೇ ಬಾಕಿ.”

“ಪಂಪು...”

“ಈ ಮುಳ್ಳು ಕೆಂಪು ಗೆರೆ ದಾಟಿದ್ರೆ ಆ ಸ್ವಿಚ್ಚು ಕೆಳಗೆ. ಅಷ್ಟೇ ತಾನೆ? ಹದಿನೈದು ವರ್ಷದಿಂದ ಊಟದ ಡಬ್ಬಿ ತರ್ತಾ ನೋಡ್ತಿದ್ದೀನಿ. ನಿಮ್ಮ ಕೆಲಸ ಬ್ರಹ್ಮವಿದ್ಯೆ ಅಂದ್ಕೊಂಡಿದ್ದೀರಾ?”

“ಕೆಲಸ ಹೋಗುತ್ತೆ ಕಣೇ. ಮನೆ ಹೋಗುತ್ತೆ.”

ಅವಳ ಕಣ್ಣು ತುಂಬಿತು. ಅಕ್ಕ ನಿಲ್ಲುವುದು ಬೇಡವೆಂದು ಮೂರು ವಾರ ಅತ್ತವಳು ಅವಳು. ನನ್ನ ತೋಳು ಹಿಡಿದು ಎಬ್ಬಿಸಿ ಸ್ಟೂಲಿನ ಮೇಲೆ ತಾನು ಕುಳಿತಳು.

“ಹೋಗ್ಲಿ ಬಿಡಿ. ಒಂಬತ್ತು ಜನ ಹೊರಗಿನವರು ಬಂದು, ಒಡಹುಟ್ಟಿದವನು ಬರಲಿಲ್ಲ ಅಂತಾದ್ರೆ ನಾನು ಯಾವ ಮುಖ ಹೊತ್ಕೊಂಡು ಓಡಾಡ್ಲಿ?”

ಸೈಕಲ್ ಏರಿದೆ. ಪಂಪ್‌ಹೌಸಿನಿಂದ ನಗರಸಭೆಗೆ ಹದಿನೈದು ನಿಮಿಷದ ದಾರಿ. ವೃತ್ತದಲ್ಲಿ ಪಕ್ಷದ ಕಚೇರಿಯ ಮೆಟ್ಟಿಲ ಮೇಲೆ ಆರೇಳು ಜನ ಕುಳಿತಿದ್ದರು. ಯಾರೂ ತಡೆಯಲಿಲ್ಲ, ಯಾರೂ ಕೈ ಮಾಡಲಿಲ್ಲ. ಒಬ್ಬ ಮಾತ್ರ ಗಡಿಯಾರ ನೋಡಿಕೊಂಡು, “ಡ್ಯೂಟಿ ಮುಗೀತಾ ಅಣ್ಣಾ?” ಎಂದು ನಗುತ್ತಾ ಕೇಳಿದ. ಇನ್ನೊಬ್ಬ ಫೋನು ಕಿವಿಗೆ ಹಿಡಿದ. ನೌಕರಿ ಅಲ್ಲೇ, ಆ ವೃತ್ತದಲ್ಲೇ ಹೋಯಿತು ಎಂದು ಗೊತ್ತಾಯಿತು. ವಿಚಿತ್ರವೆಂದರೆ ಹೋದ ಮೇಲೆ ಹಗುರವಾಯಿತು. ಪೆಡಲು ಜೋರಾಗಿ ತುಳಿದೆ.

ಕಚೇರಿಯ ಮೆಟ್ಟಿಲ ಮೇಲೆ ಒಂಬತ್ತು ಜನ ನಿಂತಿದ್ದರು. ನನ್ನನ್ನು ಕಂಡು ವೆಲ್ಡಿಂಗ್‌ನವನು ಶಿಳ್ಳೆ ಹಾಕಿದ. ಮುಖ್ಯೋಪಾಧ್ಯಾಯಿನಿ ನನ್ನ ಬೆನ್ನು ತಟ್ಟಿ, “ಹೋಗಪ್ಪಾ, ಹೋಗು, ಹತ್ತು ನಿಮಿಷ ಇದೆ,” ಎಂದರು. ಅಷ್ಟು ಜನ ನನ್ನನ್ನು ನೋಡಿ ಸಂತೋಷಪಟ್ಟದ್ದು ಅದೇ ಮೊದಲು.

ಒಳಗೆ ಉದ್ದನೆಯ ಮೇಜು, ತಲೆಯ ಮೇಲೆ ಕಿರ್ರೆನ್ನುವ ಫ್ಯಾನು, ಮೂಲೆಯಲ್ಲಿ ಕಡತಗಳ ಕಟ್ಟು. ಮೇಜಿನ ಆ ತುದಿಗೆ ವಕೀಲ ಮುಖ ಸಿಂಡರಿಸಿಕೊಂಡು ಕುಳಿತಿದ್ದ. ಒಂಬತ್ತು ಹಾಳೆಗಳು ಸಾಲಾಗಿ ಹರಡಿದ್ದವು, ಒಂದೊಂದರಲ್ಲೂ ಒಂದು ಗೀಟು, ಅದರ ಕೆಳಗೆ ಒಂದು ಹೆಸರು. ಅಕ್ಕ ಗೋಡೆಗೆ ತಾಗಿದ ಬೆಂಚಿನಲ್ಲಿದ್ದಳು. ನನ್ನನ್ನು ನೋಡಿದವಳೇ ಕಣ್ಣು ಮುಚ್ಚಿ ಉಸಿರು ಬಿಟ್ಟಳು. ಆ ಮುಖವನ್ನು ನಾನು ಸಾಯುವವರೆಗೂ ಮರೆಯಲಾರೆ.

“ಈ ನಾಮಪತ್ರಕ್ಕೆ ನೀವು ರುಜು ಹಾಕಿದ್ದೀರಾ?” ಅಧಿಕಾರಿ ಕೇಳಿದರು.

ಇದು ನನ್ನದಲ್ಲ ಎನ್ನಲೆಂದೇ ಹುಟ್ಟಿಸಿದ ಗೀಚು ಅದು. ಅದನ್ನು ಹೇಳುವ ಸಮಯ ಬಂದಾಗ ನಾನು ಗಟ್ಟಿಯಾಗಿ ಹೇಳಿದೆ.

“ಹೌದು ಸಾರ್. ನಂದೇ.”

ವಕೀಲ ತಲೆ ತಗ್ಗಿಸಿದ. ಅಧಿಕಾರಿ ಬಿಳಿ ಹಾಳೆಯೊಂದನ್ನು ನನ್ನ ಮುಂದೆ ತಳ್ಳಿದರು.

“ಇಲ್ಲಿ ಅದೇ ಥರ ಹಾಕಿ. ಕೆಳಗೆ ಪೂರ್ತಿ ರುಜು.”

ಪೆನ್ನು ಹಿಡಿದೆ. ಆ ಗೀಚು ಹೇಗಿತ್ತು? ಮೊದಲು ಮೇಲಕ್ಕೆ ಹೋಗಿತ್ತೋ, ಕೆಳಕ್ಕೋ? ಸುತ್ತು ಎಷ್ಟಿದ್ದವು? ಒಂದೋ, ಎರಡೋ? ಮಿಕ್ಕ ಒಂಬತ್ತು ಜನರ ಕೈಗೆ ಇಪ್ಪತ್ತೆರಡು ವರ್ಷದ ರೂಢಿಯಿತ್ತು, ಕಣ್ಣು ಮುಚ್ಚಿದರೂ ಬರುತ್ತಿತ್ತು. ನನ್ನ ಗೀಚಿಗೆ ಇದ್ದದ್ದು ಒಂದು ಬೆಳಗಿನ ಆಯುಷ್ಯ. ಕೈಗೆ ಬಂದದ್ದನ್ನು ಹಾಕಿದೆ. ಅಧಿಕಾರಿ ನಾಮಪತ್ರದ ಪಕ್ಕಕ್ಕೆ ಹಿಡಿದು ನೋಡಿದರು. ಹುಬ್ಬು ಗಂಟಿಕ್ಕಿತು.

“ಗಾಬರಿಯಾಗಿರಬೇಕು. ನಿಧಾನವಾಗಿ ಇನ್ನೊಂದು ಸಲ ಹಾಕಿ.”

ಹಾಕಿದೆ. ಅದು ಮೊದಲಿನದಕ್ಕೂ ಹೊಂದಲಿಲ್ಲ. ಫ್ಯಾನು ಕಿರ್ರೆನ್ನುತ್ತಿತ್ತು. ನನ್ನ ಬೆವರು ಹಾಳೆಯ ಮೇಲೆ ಬಿತ್ತು. ವಕೀಲ ಕುರ್ಚಿಯಿಂದ ಅರ್ಧ ಎದ್ದ.

“ಇನ್ನೊಂದು ಸಲ,” ಎಂದರು ಅಧಿಕಾರಿ. ಅವರ ದನಿಯಲ್ಲಿ ಬೇಡಿಕೆ ಇತ್ತು. ನಾನು ಸರಿಯಾಗಿ ಹಾಕಲಿ ಎಂದು ಆ ಮನುಷ್ಯ ಬಯಸುತ್ತಿದ್ದರು, ಇದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿಲ್ಲ. ಮೂರನೆಯ ಸಲವೂ ಹಾಕಿದೆ. ಮೂರೂ ಮೂರು ಬಗೆ.

ಅಕ್ಕ ಎದ್ದು ಬಂದು ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದಳು. ಆ ಊರಿನಲ್ಲಿ ಅವಳಷ್ಟು ಗೀಟುಗಳನ್ನು ಓದಿದವರು ಯಾರೂ ಇರಲಿಲ್ಲ. ಒಂದು ಸಲ ಹಾಳೆ ನೋಡಿದಳು, ಒಂದು ಸಲ ನಾಮಪತ್ರ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. ಅವಳಿಗೆ ಎಲ್ಲಾ ಅರ್ಥವಾಯಿತು.

ಮೂರು ಹೊಡೆಯಿತು. ಅಧಿಕಾರಿ ಕೆಂಪು ಶಾಯಿಯಲ್ಲಿ ‘ತಿರಸ್ಕೃತ’ ಎಂದು ಬರೆದು, ತಾರೀಕು ಹಾಕಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಕ್ಷಮಿಸಿ ಅಮ್ಮಾ,” ಎಂದರು ಅಕ್ಕನಿಗೆ. ಅಧ್ಯಕ್ಷರು ಏಳನೆಯ ಸಲ ಅವಿರೋಧವಾಗಿ ಆಯ್ಕೆಯಾದರು.

ಹೊರಗೆ ಒಂಬತ್ತು ಜನ ಅವಳನ್ನು ಸುತ್ತುವರಿದರು. ಏನಾಯಿತು, ಏನಾಯಿತು ಎಂದು ಎಲ್ಲರೂ ಒಟ್ಟಿಗೆ ಕೇಳಿದರು. ಈಗ ಹೇಳುತ್ತಾಳೆ ಎಂದುಕೊಂಡೆ. ಅವಳಿಗೆ ಸುಳ್ಳು ಹೇಳಲು ಬರುವುದಿಲ್ಲವಲ್ಲ.

“ಹತ್ತೂ ಸರಿ ಇತ್ತು,” ಅಂದಳು ಅಕ್ಕ. “ಕೊನೇದನ್ನ ಆ ಅಧಿಕಾರಿ ಬೇಕಂತಲೇ ತಳ್ಳಿಹಾಕಿದ. ಅಧ್ಯಕ್ಷರ ಕಡೆಯಿಂದ ಮೊದಲೇ ಹೇಳಿಸಿದ್ರು ಅನ್ಸುತ್ತೆ.”

ಸುಳ್ಳು ಹೇಳಿದಳು. ನಾನು ಪಕ್ಕದಲ್ಲೇ ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದೆ. ವೆಲ್ಡಿಂಗ್‌ನವನು ಬಾಗಿಲನ್ನು ಗುದ್ದಿದ. ಹೊಲಿಗೆಯ ತಂಗಿ ಅಳುತ್ತಾ ಶಾಪ ಹಾಕಿದಳು. ಬೇಕರಿಯವನು, ಅದೇ ಬಾಲ ಮುದುರಿಕೊಳ್ಳುವ ಬೇಕರಿಯವನು, “ಮುಂದಿನ ಸಲ ಹತ್ತಲ್ಲ, ನೂರು ಜನರ ರುಜು ಹಾಕ್ಸೋಣ ಮೀಟರಕ್ಕಾ,” ಎಂದು ಬೀದಿಯಲ್ಲಿ ನಿಂತು ಕೂಗಿದ.

ಸೈಕಲ್ ತಳ್ಳಿಕೊಂಡು ಅವಳ ಪಕ್ಕದಲ್ಲಿ ನಡೆದೆ. ಮಾರುಕಟ್ಟೆ ದಾಟಿದೆವು.

“ಅಕ್ಕಾ, ನನ್ನ ಉಳಿಸೋಕೆ ನೀನು...”

“ನಿನಗೋಸ್ಕರ ಅಂದ್ಕೊಂಡ್ಯಾ?” ಥಟ್ಟನೆ ನಿಂತಳು. “ಅವರೆಲ್ಲಾ ಈಗ ಸಿಟ್ಟಲ್ಲಿ ಮನೆಗೆ ಹೋಗ್ತಿದ್ದಾರೆ. ನಿನ್ನ ವಿಷಯ ಹೇಳಿದ್ರೆ ಹೆದರ್ಕೊಂಡು ಹೋಗ್ತಿದ್ರು. ಸ್ವಂತ ತಮ್ಮನೇ ಹಿಂಗೆ ಮಾಡಿದ ಅಂದ್ಮೇಲೆ ಇನ್ನೊಂದ್ಸಲ ಯಾರು ಬರ್ತಾರೆ ಹೇಳು?”

“ನಾನು ಆವತ್ತೇ ಇಲ್ಲ ಅಂದಿದ್ರೆ...”

“ಅಂದಿದ್ರೆ ಇನ್ನೊಂದು ಬಾಗಿಲು ತಟ್ತಿದ್ದೆ ಕಣೋ.” ಮತ್ತೆ ಹೆಜ್ಜೆ ಹಾಕುತ್ತಾ, “ಆ ಮನುಷ್ಯ ಏನು ತಪ್ಪು ಮಾಡಿದ್ದ, ಪಾಪ. ಮೂರು ಸಲ ಅವಕಾಶ ಕೊಟ್ಟ,” ಎಂದಳು. ಅಲ್ಲಿಂದ ಮನೆಯವರೆಗೆ ಅಳುತ್ತಲೇ ನಡೆದಳು. ನಾನು ಅಷ್ಟು ದೂರದಲ್ಲಿ, ಸೈಕಲ್ಲಿನ ಆ ಬದಿಯಲ್ಲಿ ನಡೆದೆ.

ಮರುದಿನ ವಜಾ ಪತ್ರ ಬಂತು, ಆ ವಾರವೇ ಕ್ವಾರ್ಟರ್ಸ್ ಖಾಲಿ ಮಾಡಿದೆವು. ಅದೇ ವಾರ ಯಾರೋ ಅಧಿಕಾರಿಯ ಮನೆಯ ಕಿಟಕಿಗೆ ಕಲ್ಲು ಹೊಡೆದರು. ಕ್ಷೌರದಂಗಡಿಯಲ್ಲಿ ಅವರಿಗೆ ಕುರ್ಚಿ ಸಿಗುತ್ತಿರಲಿಲ್ಲ, ಬೇಕರಿಯಲ್ಲಿ ಬ್ರೆಡ್ಡು ಸಿಗುತ್ತಿರಲಿಲ್ಲ. ಇತ್ತ ಅಧ್ಯಕ್ಷರೂ ಅವರನ್ನು ಬಿಡಲಿಲ್ಲ, ಮೂರು ಗಂಟೆಯವರೆಗೆ ಅವಕಾಶ ಕೊಟ್ಟ ತಪ್ಪಿಗೆ ದೂರದ ಊರಿಗೆ ಎತ್ತಂಗಡಿ ಮಾಡಿಸಿದರು. ಎರಡೂ ಕಡೆಯಿಂದ ಏಟು ತಿಂದು ಆ ಮನುಷ್ಯ ಊರು ಬಿಟ್ಟರು.

ಮುಂದಿನದೆಲ್ಲ ಊರಿಗೇ ಗೊತ್ತು. ಐದು ವರ್ಷದ ಮೇಲೆ ಸೂಚಕರಾಗಿ ರುಜು ಹಾಕಲು ಜನ ಸಾಲುಗಟ್ಟಿ ನಿಂತರು. ಅಕ್ಕ ಇನ್ನೂರ ಹನ್ನೊಂದು ಮತಗಳಿಂದ ಗೆದ್ದು, ಮೂವತ್ತೈದು ಮಂದಿಯ ಸಭೆಯಲ್ಲಿ ಒಬ್ಬಳೇ ಎದುರು ಬದಿಯಲ್ಲಿ ಕುಳಿತಳು. ಅವಳು ಮಾತಿಗೆ ಎದ್ದರೆ ಮೈಕು ಕೆಡುತ್ತಿತ್ತು, ಮೈಕು ಕೆಟ್ಟರೆ ಅವಳು ಮೀಟರ್ ಅಂಕಿ ಓದುವ ದನಿಯಲ್ಲಿ ಓದುತ್ತಿದ್ದಳು. ಎರಡು ಸಲ ಮೊಕದ್ದಮೆ ಹಾಕಿದರು, ಒಂದು ಸಲ ನಲವತ್ತು ದಿನ ಒಳಗಿಟ್ಟರು. ಮತ್ತೊಂದು ಚುನಾವಣೆಗೆ ಅವಳ ಕಡೆಯವರು ಹನ್ನೆರಡು ಜನರಾದರು. ಪ್ರತಿ ಸಭೆಯಲ್ಲೂ ಭಾಷಣಕಾರರು ಮೊದಲು ಹೇಳುವುದು ಆ ಕಥೆಯನ್ನೇ, ಹತ್ತನೆಯ ರುಜುವನ್ನು ನುಂಗಿದ ಕಳ್ಳ ಅಧಿಕಾರಿಯ ಕಥೆ. ಜನ ಹೋ ಎಂದು ಕೂಗುತ್ತಾರೆ. ಅಕ್ಕ ವೇದಿಕೆಯ ಮೇಲೆ ತನ್ನ ಅಂಗೈ ನೋಡುತ್ತಾ ಕೂರುತ್ತಾಳೆ. ನಾನು ಹಿಂದಿನ ಸಾಲಿನಲ್ಲಿ ಕೂರುತ್ತೇನೆ. ನನ್ನನ್ನೂ ಕೆಲವು ಸಲ ವೇದಿಕೆಗೆ ಕರೆದು ಮೆಚ್ಚಿಕೊಂಡಿದ್ದಾರೆ, ಅಕ್ಕನಿಗಾಗಿ ನೌಕರಿ ಕಳೆದುಕೊಂಡ ತಮ್ಮನೆಂದು. ನಾನು ತಲೆ ಬಗ್ಗಿಸಿಕೊಂಡೇ ಹೋಗಿ ಬಂದಿದ್ದೇನೆ.

ಮುಂದಿನ ತಿಂಗಳು ಮತ್ತೆ ಚುನಾವಣೆ. ಈ ಸಲ ಪಕ್ಷದ ಆಡಳಿತವೇ ಬದಲಾದೀತು ಎಂದು ಊರೆಲ್ಲ ಮಾತಾಡುತ್ತಿದೆ. ಪತ್ರಿಕೆಯವರು ಬಂದು ಅಕ್ಕನ ಬಗ್ಗೆ ಏನಾದರೂ ಬರೆದುಕೊಡಿ ಎಂದರು. ಕುಳಿತು ಬರೆದೆ, ಬರೆಯುತ್ತಾ ಹೋದ ಹಾಗೆ ಇದು ಹೊರಗೆ ಬಂತು. ಕಳೆದ ಭಾನುವಾರ ಅವಳಿಗೆ ಪೂರ್ತಿ ಓದಿ ಹೇಳಿದೆ. ಅರವತ್ತು ದಾಟಿದವಳು ಕಣ್ಣು ಮುಚ್ಚಿಕೊಂಡು ಕೇಳಿದಳು.

“ಮೆಟ್ಟಿಲ ಹತ್ರ ‘ಹಾಗೆ ಹೇಳಿಬಿಟ್ಟಳು’ ಅಂತ ಬರ್ದಿದ್ದೀಯಲ್ಲ, ಅದನ್ನ ಹೊಡೆದುಹಾಕು. ‘ಸುಳ್ಳು ಹೇಳಿದಳು’ ಅಂತ ಬರಿ.”

ತಿದ್ದಿದೆ. “ಚುನಾವಣೆ ಮುಗೀಲಿ ಅಕ್ಕಾ, ಆಮೇಲೆ ಕೊಡ್ತೀನಿ. ಈಗ ಕೊಟ್ರೆ ಅವರು ಇದನ್ನೇ ಹಿಡ್ಕೊಂಡು ನಿನ್ನ ಮುಗಿಸ್ತಾರೆ.”

“ಮುಗಿಸಿದ್ರೆ ಮುಗಿಸ್ಲಿ. ಗೆದ್ದ ಮೇಲೆ ಹೇಳೋದಕ್ಕೆ ಯಾರಿಗೆ ಧೈರ್ಯ ಬೇಕು?” ಅಂದಳು. ಆಮೇಲೆ ಎದ್ದು ಹೋಗಿ ಕಿಟಕಿಯ ಬಳಿ ನಿಂತಳು. “ಪತ್ರಿಕೆಗೆ ಕೊಡೋಕ್ಕೆ ಮುಂಚೆ ಒಂದು ಪ್ರತಿ ಆ ಅಧಿಕಾರಿಗೆ ಕಳಿಸು. ಇದ್ದಾರೋ ಇಲ್ವೋ ವಿಚಾರಿಸು.”

ವಿಚಾರಿಸಿದೆ. ಇದ್ದಾರಂತೆ, ಮಗಳ ಮನೆಯಲ್ಲಿ, ಕಣ್ಣು ಸರಿಯಾಗಿ ಕಾಣುವುದಿಲ್ಲವಂತೆ. ತಾವೇ ಓದಿಕೊಳ್ಳಲಾದೀತೇನೋ ಎಂದು ಅಕ್ಷರ ದೊಡ್ಡದು ಮಾಡಿ ಬರೆದು, ನಿನ್ನೆ ಮಧ್ಯಾಹ್ನ ಅಂಚೆಗೆ ಹಾಕಿ ಬಂದೆ.